ಸರ್ವಿಸ್ ರೋಡಿನ ಬೈಕು, ಅರವತ್ತರ ವೇಗ, ಅಡ್ಡ ಬರುವ ಕೈ

(ಮಂಡ್ಯದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ಪೋಷಕರು, ಕೆಲವು ಪೊಲೀಸ್ ಸಿಬ್ಬಂದಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೈಕು ಮತ್ತು ವೇಗದ ಮಾತು ಬಂದರೆ ನಮ್ಮ ಜಿಲ್ಲೆಯಲ್ಲಿ ಎರಡು ದನಿ ಕೇಳುತ್ತವೆ. ಒಂದು, "ಈಗಿನ ಹುಡುಗರು ಕಣ್ಣು ಮುಚ್ಚಿಕೊಂಡು ಗಾಡಿ ಓಡಿಸ್ತಾರೆ." ಇನ್ನೊಂದು, "ಮೊದಲು ರೋಡ್ ಸರಿ ಮಾಡ್ಲಿ, ಆಮೇಲೆ ಫೈನ್ ಹಾಕ್ಲಿ." ಎರಡರಲ್ಲೂ ನಿಜ ಇದೆ. ಆದರೆ ಎರಡು ಕಡೆಯವರೂ ತಮ್ಮ ಮಾತನ್ನಷ್ಟೇ ಹೇಳಿಕೊಂಡು ಎದ್ದು ಹೋಗುತ್ತಾರೆ. ಸತ್ತವರ ಮನೆಯವರು ಮಾತ್ರ ಅಲ್ಲೇ ಉಳಿಯುತ್ತಾರೆ.

ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವೇಗಕ್ಕೆ ಮಿತಿ ಬೇಕು, ಅದು ಕಟ್ಟುನಿಟ್ಟಾಗಿ ಜಾರಿಯಾಗಬೇಕು. ಆದರೆ ಬೈಕಿನವರು ಸಾಯುವ ಜಾಗದಲ್ಲಿ, ಅವರು ಸಾಯುವ ಹೊತ್ತಿನಲ್ಲಿ ಆಗಬೇಕು. ಜಾರಿ ಮಾಡುವ ರೀತಿಯೇ ಇನ್ನೊಂದು ಅಪಾಯ ಆಗಬಾರದು. ಈಗ ನಮ್ಮಲ್ಲಿ ನಡೀತಿರೋದು ಹೆಚ್ಚುಕಡಿಮೆ ಇದರ ತಿರುವು ಮುರುವು.

ಮೊದಲು ಲೆಕ್ಕ ನೋಡೋಣ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಟೂ ವೀಲರ್‌ನಲ್ಲಿ ಇದ್ದವರೇ 74,897. ನೂರಕ್ಕೆ ನಲವತ್ತನಾಲ್ಕಕ್ಕೂ ಜಾಸ್ತಿ. ಹೆಲ್ಮೆಟ್ ಹಾಕದೆ ಸತ್ತವರು 50,029. ಇವರಲ್ಲಿ 14,337 ಜನ ಹಿಂದೆ ಕೂತವರು. ಇಷ್ಟು ಜನ ಒಂದು ರೋಗದಿಂದ ಸತ್ತಿದ್ದರೆ ಊರೂರಲ್ಲಿ ಕ್ಯಾಂಪ್ ಹಾಕಿರುತ್ತಿದ್ದರು. ರಸ್ತೆಯಲ್ಲಿ ಸತ್ತರೆ "ಟೈಮ್ ಸರಿ ಇರ್ಲಿಲ್ಲ" ಅಂತ ತಿಥಿ ಮಾಡಿ ಸುಮ್ಮನಾಗುತ್ತೇವೆ.

ಈಗ ನಮ್ಮೂರಿನ ಹೆದ್ದಾರಿಗೆ ಬರೋಣ. 2023ರ ಮಾರ್ಚ್ 12ರಂದು ಪ್ರಧಾನಿ ಇಲ್ಲೇ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಉದ್ಘಾಟಿಸಿದರು. ನಡುವೆ ಆರು ಪಥ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರೋಡು. ಶುರುವಿನಲ್ಲಿ ನಡುವಿನ ರಸ್ತೆಯಲ್ಲಿ ಎಲ್ಲರೂ ಇದ್ದರು. ನೂರರ ಮೇಲೆ ಹೋಗುವ ಕಾರು, ಐವತ್ತರಲ್ಲಿ ಹೋಗುವ ಹಳೇ ಬೈಕು, ಅದರ ಹಿಂದೆ ಹುಲ್ಲು ಹೊತ್ತ ಟ್ರ್ಯಾಕ್ಟರು. ಸಾವಿನ ಸುದ್ದಿ ಇಲ್ಲದ ವಾರ ಇರಲಿಲ್ಲ ಅನ್ನುವ ಹಾಗಾಯಿತು. ಆ ವರ್ಷದ ಜುಲೈನಲ್ಲಿ ಪೊಲೀಸರು ಸ್ಪೀಡ್ ಗನ್ ಹಿಡಿದು ನಿಂತರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಹೆದ್ದಾರಿ ಪ್ರಾಧಿಕಾರ ನಡುವಿನ ರಸ್ತೆಯಿಂದ ಹೊರಗಿಟ್ಟಿತು. ಕಾರಿಗೆ ನೂರರ ಮಿತಿ ಇತ್ತು. 2024ರಲ್ಲಿ ಕ್ಯಾಮೆರಾಗಳು ಬಂದವು. ಅದೇ ವರ್ಷ ಆಗಸ್ಟಿನಿಂದ ರಾಜ್ಯದಲ್ಲಿ ಎಲ್ಲೇ ಆಗಲಿ 130 ದಾಟಿದರೆ ಬರೀ ಫೈನ್ ಅಲ್ಲ, ಎಫ್‌ಐಆರ್ ಅಂತ ಪೊಲೀಸ್ ಇಲಾಖೆ ಹೇಳಿತು. ಹೆದ್ದಾರಿಯಲ್ಲಿ ಸಾವು ಅರ್ಧಕ್ಕಿಂತ ಹೆಚ್ಚು ಇಳಿಯಿತು ಅಂತಲೂ ಇಲಾಖೆಯೇ ತಿಳಿಸಿತು.

ಬೈಕನ್ನು ಹೊರಗಿಟ್ಟಾಗ ಬೇಸರ ಮಾಡಿಕೊಂಡವರು ತುಂಬಾ ಜನ. "ನಮ್ಮ ಜಮೀನು ತಗೊಂಡು ರಸ್ತೆ ಮಾಡಿ ನಮ್ಮನ್ನೇ ಬಿಡಲ್ಲ ಅಂದ್ರೆ ಏನರ್ಥ" ಅಂತ ಇಲ್ಲಿನ ರೈತರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆದರೂ ಆ ತೀರ್ಮಾನ ಸರಿ ಅಂತಲೇ ನನ್ನ ಅಭಿಪ್ರಾಯ. ಒಂದೇ ರಸ್ತೆಯಲ್ಲಿ ಒಬ್ಬರು ನೂರು, ಒಬ್ಬರು ಐವತ್ತು ಹೋಗುತ್ತಿದ್ದರೆ, ನಿಂತಿರುವ ಬೈಕಿಗೆ ಐವತ್ತರ ವೇಗದಲ್ಲಿ ಕಾರು ಬಂದು ಗುದ್ದಿದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಕಾರಿನವರಿಗೆ ಸುತ್ತ ತಗಡು, ಬೆಲ್ಟು, ಏರ್‌ಬ್ಯಾಗು. ಬೈಕಿನವರಿಗೆ ಮೈಮೇಲಿನ ಅಂಗಿ.

ನನ್ನ ತಕರಾರು ಅದರ ಮುಂದಿನದ್ದು. ಬೈಕನ್ನು ನಡುವಿನ ರಸ್ತೆಯಿಂದ ಇಳಿಸಿದ ದಿನವೇ ಸರ್ವಿಸ್ ರೋಡು ಸಾವಿರಾರು ಜನರ ಮುಖ್ಯ ರಸ್ತೆ ಆಯಿತು. ಅದನ್ನು ಹಾಗೆ ನೋಡಿಕೊಂಡರಾ? ರೈಲು ಹಳಿ, ಸೇತುವೆ ಸಿಕ್ಕಲ್ಲಿ ಅದು ತುಂಡಾಗುತ್ತಿತ್ತು. ಅಂಡರ್‌ಪಾಸಿನ ಬಾಯಲ್ಲಿ ನಾಲ್ಕು ಕಡೆಯಿಂದ ಗಾಡಿ ನುಗ್ಗುತ್ತವೆ, ಯಾರು ಮೊದಲು ಹೋಗಬೇಕು ಅನ್ನೋದಕ್ಕೆ ಒಂದು ಬೋರ್ಡಿಲ್ಲ. ಆಚೆ ಕಡೆ ಹೋಗೋಕೆ ದೂರ ಸುತ್ತಬೇಕು ಅಂತ ಜನ ರಾಂಗ್ ಸೈಡಲ್ಲೇ ಬರುತ್ತಾರೆ. ಶ್ರೀರಂಗಪಟ್ಟಣದಿಂದ ಮಂಡ್ಯದ ಕಡೆ ಸಂಜೆ ಆರೂವರೆ ಮೇಲೆ ಬನ್ನಿ, ಎದುರಿಂದ ಹೈ ಬೀಮ್ ಹಾಕಿಕೊಂಡು ರಾಂಗ್ ಸೈಡಲ್ಲಿ ಬರೋ ಬೈಕು, ಎಡಕ್ಕೆ ಟೀ ಅಂಗಡಿ ಮುಂದೆ ನಿಂತ ಲಾರಿ, ಬಲಕ್ಕೆ ತಂತಿ ಬೇಲಿ. ಸರಿಯೋಕೆ ಜಾಗವೇ ಇರಲ್ಲ. ಸ್ಪೀಡ್ ಕ್ಯಾಮೆರಾ ಎಲ್ಲಿದೆ ಅಂತ ನೋಡಿದರೆ ಬೇಲಿಯ ಆಚೆ, ಕಾರು ಹೋಗುವ ಕಡೆ.

ಇನ್ನು ವೇಗದ ಲೆಕ್ಕ. ನಾನು ಫಿಸಿಕ್ಸ್ ಪಾಠ ಮಾಡಿದವನು, ಇದನ್ನು ಬಿಟ್ಟು ಮುಂದೆ ಹೋಗಲಾರೆ. ಬೋರ್ಡ್ ಮೇಲೆ ಬರೆದದ್ದನ್ನು ಇಲ್ಲಿ ಮಾತಲ್ಲಿ ಹೇಳುತ್ತೇನೆ.

ಒಂದು ಮಗು ರಸ್ತೆಗೆ ಓಡಿ ಬಂತು ಅಂದುಕೊಳ್ಳಿ. ಕಣ್ಣಿಗೆ ಬಿದ್ದು, ತಲೆಗೆ ಹೋಗಿ, ಕೈ ಬ್ರೇಕಿನ ಮೇಲೆ ಬರೋಕೆ ಚುರುಕಾದವರಿಗೂ ಸುಮಾರು ಒಂದು ಸೆಕೆಂಡ್ ಬೇಕು. ಆ ಒಂದು ಸೆಕೆಂಡು ಬೈಕು ಹೋಗುತ್ತಲೇ ಇರುತ್ತದೆ. 40ರ ವೇಗದಲ್ಲಿ 11 ಮೀಟರ್. 60ರಲ್ಲಿ ಹೆಚ್ಚುಕಡಿಮೆ 17 ಮೀಟರ್. ಆಮೇಲೆ ಬ್ರೇಕ್ ಹಿಡಿಯುತ್ತದೆ. ಒಣ ಡಾಂಬರು, ಒಳ್ಳೇ ಟಯರು, ಕೈಪಳಗಿದವರು ಅಂತ ಇಟ್ಟುಕೊಂಡರೆ 40ರಿಂದ ನಿಲ್ಲೋಕೆ ಇನ್ನೊಂದು 10 ಮೀಟರ್ ಬೇಕು. ಒಟ್ಟು 21. ಅಂದರೆ 21 ಮೀಟರ್ ದೂರದಲ್ಲಿ ಮಗು ಕಂಡರೆ 40ರಲ್ಲಿ ಬಂದವರು ಮಗುವಿನ ಮುಂದೆ ಬಂದು ನಿಲ್ಲುತ್ತಾರೆ.

ಅದೇ ಜಾಗ, ಅದೇ ಬೈಕು, ಅದೇ ಮಗು. 60ರಲ್ಲಿ ಬಂದವರ ಕಥೆ ಏನು? ಬ್ರೇಕ್ ಹಿಡಿಯುವ ಹೊತ್ತಿಗೇ 17 ಮೀಟರ್ ಮುಗಿದಿರುತ್ತದೆ. ಉಳಿದದ್ದು ನಾಲ್ಕು ಚಿಲ್ಲರೆ ಮೀಟರ್. ಮಗುವನ್ನು ಮುಟ್ಟುವಾಗ ಬೈಕಿನ ವೇಗ ಎಷ್ಟಿರುತ್ತದೆ ಹೇಳಿ ಅಂತ ಸಭೆಯಲ್ಲಿ ಕೇಳಿದೆ. ಇಪ್ಪತ್ತು ಅಂದರು, ಮೂವತ್ತು ಅಂದರು. ಲೆಕ್ಕ ಹಾಕಿದರೆ ಬರೋದು ಸುಮಾರು 54. ನಿಧಾನ ಆಗಿದ್ದು ಬರೀ ಆರು ಕಿಲೋಮೀಟರ್. ಒಬ್ಬರು ಪೂರ್ತಿ ನಿಂತ ಜಾಗದಲ್ಲಿ ಇನ್ನೊಬ್ಬರು ಹೆಚ್ಚುಕಡಿಮೆ ಬಂದ ವೇಗದಲ್ಲೇ ಗುದ್ದುತ್ತಾರೆ. ಇದರಲ್ಲಿ ಹುಡುಗರ ತಪ್ಪು, ಸರ್ಕಾರದ ತಪ್ಪು ಅನ್ನೋ ವಾದಕ್ಕೇ ಜಾಗ ಇಲ್ಲ, ತೂಕ ಇರುವ ಯಾವ ವಸ್ತುವಾದರೂ ಹೀಗೇ ನಡೆದುಕೊಳ್ಳುತ್ತದೆ. ಸರಾಸರಿ ವೇಗ ನೂರಕ್ಕೆ ಒಂದು ಪಾಲು ಏರಿದರೆ ಸಾವಿನ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಾಲು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇದೇ ಕಾರಣಕ್ಕೆ.

ಉಳಿಸುವ ಟೈಮ್ ಎಷ್ಟು? ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. 60ರಲ್ಲಿ ಒಂದೇ ಸಮ ಹೋದರೆ 45 ನಿಮಿಷ. 80ರಲ್ಲಿ 34 ನಿಮಿಷ. ಹನ್ನೊಂದು ನಿಮಿಷ ಉಳಿಯಿತು. ಅದೂ ಕಾಗದದ ಮೇಲೆ. ಮೈಸೂರಿನ ರಿಂಗ್ ರೋಡ್ ಸಿಗ್ನಲ್ಲಿನಲ್ಲಿ ಆ ಹನ್ನೊಂದರಲ್ಲಿ ಅರ್ಧ ಹೋಗುತ್ತದೆ.

ಹಾಗಾದರೆ ಮಿತಿ ಎಷ್ಟಿರಬೇಕು? 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಬೈಕಿಗೆ 80, ಊರೊಳಗೆ ಮತ್ತು ಉಳಿದ ರಸ್ತೆಗಳಲ್ಲಿ 60. ಎಕ್ಸ್‌ಪ್ರೆಸ್ ವೇಯಲ್ಲಿ ಕಾರಿಗೆ 120. ಇಷ್ಟು ವೇಗ ಕೊಟ್ಟಿದ್ದು ಸರಿಯಲ್ಲ ಅಂತ 2021ರಲ್ಲಿ ಮದ್ರಾಸ್ ಹೈಕೋರ್ಟ್ ಆ ಅಧಿಸೂಚನೆಯನ್ನೇ ರದ್ದು ಮಾಡಿತು. ಇದು ದೊಡ್ಡವರ ಜಗಳ, ಬಿಡಿ. ನಮಗೆ ಮುಖ್ಯ ಆಗೋದು ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್. ಯಾವುದೇ ರಸ್ತೆಗೆ, ಅಲ್ಲಿನ ಪರಿಸ್ಥಿತಿ ನೋಡಿ, ಇನ್ನೂ ಕಡಿಮೆ ಮಿತಿ ಇಡುವ ಅಧಿಕಾರ ರಾಜ್ಯಕ್ಕೆ ಇದೆ. ಆ ಮಿತಿಯ ಬೋರ್ಡು ನೆಡೋದೂ ಅದರದ್ದೇ ಹೊಣೆ. ಸ್ಕೂಲ್ ಮುಂದೆ, ಸಂತೆ ಬೀದಿಯಲ್ಲಿ, ಊರು ಬಾಗಿಲಲ್ಲಿ 30 ಇಡೋಕೆ ದೆಹಲಿಗೆ ಹೋಗಬೇಕಿಲ್ಲ. ಜನ, ಗಾಡಿ ಎರಡೂ ಬೆರೆಯುವ ಕಡೆ 30ರ ಮಿತಿ ಇಡಿ ಅಂತ, ರಸ್ತೆ ಸುರಕ್ಷತೆ ಬಗ್ಗೆ ಹಲವು ದೇಶಗಳು ಸೇರಿ ಮಾಡಿದ 2020ರ ಸ್ಟಾಕ್‌ಹೋಮ್ ಘೋಷಣೆಯೂ ಹೇಳಿದೆ.

"30ರಲ್ಲಿ ಯಾರು ಹೋಗ್ತಾರೆ ಮೇಷ್ಟ್ರೇ" ಅಂತ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೂಗಿದ. ಕೋಪ ಬರೋದು ಇಲ್ಲಷ್ಟೇ ಅಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರಿನಿಂದ ಊರೊಳಗಿನ ಮಿತಿಯನ್ನು ಗಂಟೆಗೆ 30 ಮೈಲಿಯಿಂದ 20 ಮೈಲಿಗೆ ಇಳಿಸಿದರು. ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 32 ಕಿಲೋಮೀಟರ್. ಬೇಡ ಅಂತ 4 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕೆಲವು ರಸ್ತೆಗಳಲ್ಲಿ ಮತ್ತೆ ಮಿತಿ ಏರಿಸಬೇಕಾಯಿತು. ಆದರೆ ಗಾಯಾಳುಗಳ ಸಂಖ್ಯೆ ಇಳಿಯಿತು. ಜನರ ಸಿಟ್ಟೂ ನಿಜ, ಉಳಿದ ಜೀವಗಳೂ ನಿಜ.

ಈಗ ಸ್ವಲ್ಪ ಖಾರವಾದ ವಿಷಯ. ಸಭೆಯಲ್ಲಿ ಪೊಲೀಸರೂ ಇದ್ದರು, ಅವರ ಎದುರಿಗೇ ಹೇಳಿದೆ, ಇಲ್ಲೂ ಬರೆಯುತ್ತೇನೆ.

2022ರ ಅದೇ ವರದಿಯಲ್ಲಿ ನೂರಕ್ಕೆ 71 ಸಾವಿಗೆ ಕಾರಣ ಅತಿವೇಗ ಅಂತಿದೆ. ಈ ಅಂಕಿ ಎಲ್ಲಿಂದ ಬರುತ್ತದೆ? ಠಾಣೆಯಲ್ಲಿ ಬರೆಯುವ ದಾಖಲೆಯಿಂದ. ನಮ್ಮ ಯಾವ ಠಾಣೆಯ ಅಪಘಾತದ ದೂರು ತೆಗೆದರೂ ಒಂದು ಸಾಲು ಇದ್ದೇ ಇರುತ್ತದೆ: "ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು". ಮೊದಲು ಐಪಿಸಿ 279, ಈಗ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಹಾಕಬೇಕಾದರೆ ಅಂಥ ಸಾಲು ಬೇಕು. ಇನ್ಶೂರೆನ್ಸ್ ಕೇಸ್ ನಿಲ್ಲಬೇಕಾದರೂ ಬೇಕು. ಹಾಗಾಗಿ ಗುಂಡಿಗೆ ಬಿದ್ದಿದ್ದರೂ, ಕತ್ತಲಲ್ಲಿ ನಿಂತ ಟ್ರೇಲರಿಗೆ ಗುದ್ದಿದ್ದರೂ, ಕಾಗದದಲ್ಲಿ ಸೇರೋದು ಅತಿವೇಗ. ಯಾರೂ ವೇಗ ಅಳೆದಿರಲ್ಲ. ಜಾರಿದ ಗುರುತು ಎಷ್ಟು ಉದ್ದ ಇತ್ತು, ಬೀದಿ ದೀಪ ಉರೀತಿತ್ತಾ, ರಸ್ತೆ ಮೇಲೆ ಏನು ಚೆಲ್ಲಿತ್ತು, ಇವೆಲ್ಲ ಮಹಜರಿನಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ.

ಇದರಿಂದ ಎರಡು ಕಡೆಗೂ ನಷ್ಟ. ರಸ್ತೆ ಮಾಡಿದವರು ಪಾರಾಗುತ್ತಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಅಂತ ಒಂದು ಸೆಕ್ಷನ್ ಸೇರಿಸಿದ್ದಾರೆ, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆ ಕೆಟ್ಟು ಸಾವು ನೋವಾದರೆ ಗುತ್ತಿಗೆದಾರರಿಗೂ ಹೊಣೆಯಾದ ಅಧಿಕಾರಿಗೂ 1 ಲಕ್ಷದವರೆಗೆ ದಂಡ. ಇದರ ಹೆಸರು ಎಷ್ಟು ಜನ ಕೇಳಿದ್ದೀರಿ ಅಂತ ಕೇಳಿದೆ. ಒಂದು ಕೈಯೂ ಏಳಲಿಲ್ಲ. ಇನ್ನೊಂದು ನಷ್ಟ ಇನ್ನೂ ದೊಡ್ಡದು. ಎಲ್ಲದಕ್ಕೂ ವೇಗವೇ ಕಾರಣ ಅಂತ ಬರೆದರೆ, ನಿಜವಾಗಿ ವೇಗದಿಂದ ಸತ್ತವರು ಎಲ್ಲಿ, ಯಾವ ಹೊತ್ತಲ್ಲಿ ಸತ್ತರು ಅನ್ನೋದೇ ಸಿಗಲ್ಲ. ಕ್ಯಾಮೆರಾ ಎಲ್ಲಿಡಬೇಕು ಅಂತ ಹೇಗೆ ಗೊತ್ತಾಗಬೇಕು?

ಹಾಗಂತ "ವೇಗ ಕಾರಣ ಅಲ್ಲ, ರೋಡೇ ಕಾರಣ" ಅನ್ನುವವರ ಜೊತೆಗೂ ನಾನಿಲ್ಲ. ಗುಂಡಿ ಅಪಘಾತ ಮಾಡಿಸುತ್ತದೆ ನಿಜ. ಬಿದ್ದವರು ಮಂಡಿ ತರಚಿಕೊಂಡು ಏಳುತ್ತಾರಾ, ಇಲ್ಲಾ ಏಳೋದೇ ಇಲ್ಲವಾ ಅನ್ನೋದನ್ನು ವೇಗ ತೀರ್ಮಾನ ಮಾಡುತ್ತದೆ. ಮೇಲಿನ 21 ಮೀಟರಿನ ಲೆಕ್ಕ ಗುಂಡಿಗೂ ಅಷ್ಟೇ, ಮಗುವಿಗೂ ಅಷ್ಟೇ.

ನಮ್ಮ ರಸ್ತೆಗಳಲ್ಲಿ ಏನೇನು ಎದುರಾಗುತ್ತದೆ ನೋಡಿ. ಕಬ್ಬು ಕಡಿಯುವ ಕಾಲದಲ್ಲಿ ಕಾರ್ಖಾನೆ ಕಡೆ ಹೋಗುವ ಟ್ರ್ಯಾಕ್ಟರುಗಳು, ಒಂದರ ಹಿಂದೆ ಇನ್ನೊಂದು ಟ್ರೇಲರ್ ಕಟ್ಟಿಕೊಂಡು. ಹಿಂದಿನ ದೀಪ ಇದ್ದರೂ ಕಾಣಲ್ಲ, ಕಬ್ಬಿನ ತುದಿ ಅದರ ಮೇಲೆ ಇಳಿಬಿದ್ದಿರುತ್ತದೆ. ರಿಫ್ಲೆಕ್ಟರ್ ಸ್ಟಿಕ್ಕರು ಮಣ್ಣು ಮೆತ್ತಿಕೊಂಡು ರಸ್ತೆಯ ಬಣ್ಣಕ್ಕೇ ತಿರುಗಿರುತ್ತದೆ. ರಾತ್ರಿ ಹೊತ್ತು ನೂರು ಸಿಸಿ ಬೈಕಿನ ಮಂಕು ದೀಪಕ್ಕೆ ಅದು ಸಿಗೋದು ತೀರಾ ಹತ್ತಿರ ಬಂದ ಮೇಲೆ. ಮೊದಲು ಕಾಣೋದು ಟ್ರೇಲರ್ ಅಲ್ಲ, ಅದರಿಂದ ಆಚೆ ಚಾಚಿದ ಕಬ್ಬಿನ ಜಲ್ಲೆ, ಸರಿಯಾಗಿ ಮುಖದ ಎತ್ತರಕ್ಕೆ. ಟ್ರೇಲರಿನ ಹಿಂದೆ ಒಂದು ಅಗಲದ ಕೆಂಪು ರಿಫ್ಲೆಕ್ಟರ್ ಪಟ್ಟಿ ಕಟ್ಟೋಕೆ ಎಷ್ಟು ಖರ್ಚು? ಕಬ್ಬು ತೂಕ ಮಾಡುವ ಜಾಗದಲ್ಲೇ, ಪಟ್ಟಿ ಇಲ್ಲದಿದ್ದರೆ ತೂಕಕ್ಕೆ ಹತ್ತಿಸಲ್ಲ ಅಂದರೆ ಸಾಕು, ಒಂದು ವಾರದಲ್ಲಿ ಎಲ್ಲ ಟ್ರೇಲರಿಗೂ ಬಂದಿರುತ್ತದೆ. ಇದೂ ಜಾರಿಯೇ ಅಲ್ವಾ? ಒಬ್ಬ ಬೈಕಿನವರನ್ನೂ ನಿಲ್ಲಿಸದೆ ಮಾಡಬಹುದಾದ ಜಾರಿ.

ಆಮೇಲೆ ಒಕ್ಕಣೆ. ರಾಗಿ, ಹುರುಳಿ ಕೊಯ್ಲು ಬಂದರೆ ಡಾಂಬರು ರಸ್ತೆಯೇ ಕಣ. ಕಣ ಮಾಡೋಕೆ ಜಾಗ ಇಲ್ಲ, ಆಳು ಸಿಗಲ್ಲ, ರೈತರ ಕಷ್ಟ ನನಗೆ ಗೊತ್ತು. ಆದರೆ ಹುರುಳಿ ಸೊಪ್ಪಿನ ಮೇಲೆ ಬೈಕು ಬ್ರೇಕ್ ಹಿಡಿದರೆ ಚಕ್ರ ನಿಲ್ಲುತ್ತದೆ, ಬೈಕು ನಿಲ್ಲಲ್ಲ. ಪಂಚಾಯಿತಿಗೊಂದು ಒಕ್ಕಣೆ ಕಣ ಮಾಡಿಕೊಡೋದು ರಸ್ತೆ ಸುರಕ್ಷತೆಯ ಕೆಲಸ ಅಂತ ಯಾವ ಸಪ್ತಾಹದಲ್ಲೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇನ್ನು ಹಂಪು. ಊರಲ್ಲಿ ಒಂದು ಸಾವಾಗುತ್ತದೆ, ರಸ್ತೆ ತಡೆ ಆಗುತ್ತದೆ, ಸಂಜೆಯೊಳಗೆ ಹಂಪ್ ಬೀಳುತ್ತದೆ. ಬಿಳಿ ಪಟ್ಟೆ ಇಲ್ಲ, ಮುಂಚೆ ಬೋರ್ಡಿಲ್ಲ, ಎತ್ತರಕ್ಕೆ ಅಳತೆ ಇಲ್ಲ. ಆಮೇಲೆ ಅದೇ ಹಂಪಿನಲ್ಲಿ ಹಿಂದೆ ಕೂತ ಹೆಂಗಸರು ಎಗರಿ ಬೀಳುತ್ತಾರೆ. ವೇಗ ತಗ್ಗಿಸೋಕೆ ಹಂಪ್ ಒಳ್ಳೇ ಉಪಾಯವೇ, ಅಳತೆಯಲ್ಲಿ ಹಾಕಿ ಬಣ್ಣ ಬಳಿದರೆ.

ಈಗ ಅಡ್ಡ ಬರುವ ಕೈಯ ವಿಷಯ.

2025ರ ಮೇ ತಿಂಗಳಲ್ಲಿ ಇದೇ ಮಂಡ್ಯ ನಗರದಲ್ಲಿ ಏನಾಯಿತು ಅಂತ ಇಲ್ಲಿ ಕೂತ ಎಲ್ಲರಿಗೂ ಗೊತ್ತು. ನಾಯಿ ಕಚ್ಚಿದ್ದ ಪುಟ್ಟ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ ತಂದೆ ತಾಯಿ. ಹೆಲ್ಮೆಟ್ ತಪಾಸಣೆಗೆ ಬೈಕು ತಡೆದಾಗ ಮಗು ಕೆಳಗೆ ಬಿತ್ತು, ಹಿಂದಿನಿಂದ ಬಂದ ವಾಹನ ಹರಿಯಿತು. ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಮೂವರು ಎಎಸ್ಐಗಳ ಅಮಾನತಾಯಿತು. ಜನ ಬೀದಿಗಿಳಿದರು. ಆಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಸೂಚನೆ ಹೊರಡಿಸಿದರು: ಕಣ್ಣಿಗೆ ಕಾಣುವ ತಪ್ಪಿಲ್ಲದೆ ಸುಮ್ನೆ ಗಾಡಿ ನಿಲ್ಲಿಸಬೇಡಿ, ಸವಾರರನ್ನು ಹಿಡಿದು ಎಳೆಯಬೇಡಿ, ಕೀ ಕಿತ್ತುಕೊಳ್ಳಬೇಡಿ, ಬೆನ್ನಟ್ಟಬೇಡಿ.

ಆ ಮೂವರನ್ನು ಬೈದು ಕೈ ತೊಳೆದುಕೊಳ್ಳೋದು ಸುಲಭ. ನನಗೆ ಕಾಡುವುದು ಆ ಕೆಲಸದ ರೀತಿ. ಹರಿಯುವ ಟ್ರಾಫಿಕ್ಕಿನ ನಡುವೆ ಒಬ್ಬ ಸಿಬ್ಬಂದಿ ಮುಂದೆ ನುಗ್ಗಿ ಚಲಿಸುವ ಬೈಕಿಗೆ ಕೈ ಅಡ್ಡ ಹಾಕೋದು. ತಿರುವು ದಾಟಿದ ಕೂಡಲೇ, ಮರದ ಹಿಂದಿನಿಂದ, ಬ್ಯಾರಿಕೇಡ್ ಪಕ್ಕದಿಂದ. ಅದು ಪೊಲೀಸರಿಗೂ ಅಪಾಯ. ಕಾರು ಎರಡು ಚಕ್ರ ತಪ್ಪಿದರೂ ನಿಂತಿರುತ್ತದೆ, ಬೈಕು ಒಂದು ಕೈ ತಾಗಿದರೂ ಬೀಳುತ್ತದೆ. ನಿಲ್ಲಿಸಲೇಬೇಕಾದರೆ ರಸ್ತೆ ಅಗಲ ಇರುವ, ದೂರದಿಂದ ಕಾಣುವ ಜಾಗ ಹುಡುಕಿ, ಮುಂಚೆ ಬೋರ್ಡು, ಕೋನು ಇಟ್ಟು, ಬದಿಗೆ ಕರೆಯಬೇಕು. ಓಡಿ ಹೋದರೆ ಹೋಗಲಿ. ನಂಬರ್ ಪ್ಲೇಟ್ ಇದೆ, ನೋಟಿಸ್ ಮನೆಗೆ ಹೋಗುತ್ತದೆ. ಐನೂರು ರೂಪಾಯಿ ದಂಡಕ್ಕೆ ಯಾರ ಜೀವವೂ ಹೋಗಬಾರದು.

ಕ್ಯಾಮೆರಾ ಬೇಕು ಅಂತ ನಾನು ಹೇಳೋದು ಇದಕ್ಕೇ. ಅದು ಕೈ ಅಡ್ಡ ಹಾಕಲ್ಲ. ಯಾರ ಕಡೆಯವರು ಅಂತ ಕೇಳಲ್ಲ. ಎಂಎಲ್ಎಗೆ ಫೋನ್ ಮಾಡಿಸಿದರೆ ಬಿಡಲ್ಲ. ಆದರೆ ಅದಕ್ಕೂ ನಿಯಮ ಇದೆ, ಅದನ್ನೂ ನಾವು ಕೇಳಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ 167ಎ ಅಂತ ಸೇರಿಸಿದರು. ಕ್ಯಾಮೆರಾಕ್ಕೆ ಸರಿಯಾಗಿದೆ ಅನ್ನುವ ಪ್ರಮಾಣಪತ್ರ ಇರಬೇಕು, ಇಲ್ಲಿ ಕ್ಯಾಮೆರಾ ಇದೆ ಅಂತ ಮುಂಚೆಯೇ ಬೋರ್ಡು ಇರಬೇಕು, ತಪ್ಪಾದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಮಿತಿ ಎಷ್ಟು ಅಂತ ಬೋರ್ಡೇ ಇಲ್ಲದ ಕಡೆ ಅಡಗಿಸಿಟ್ಟ ಕ್ಯಾಮೆರಾದಿಂದ ಫೈನ್ ಬಂದರೆ ಜನ ಅದನ್ನು ವಸೂಲಿ ಅಂತಾರೆ. ಹಾಗನ್ನೋದು ಸರಿಯಾಗಿಯೇ ಇದೆ.

ವಸೂಲಿ ಅಂದಾಗ ಇನ್ನೊಂದು ನೆನಪಾಯಿತು. ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ಮಾಫಿ. 2023ರ ಫೆಬ್ರವರಿಯಲ್ಲಿ ಬಂತು, 2025ರ ಆಗಸ್ಟ್‌ನಲ್ಲಿ ಮತ್ತೆ ಬಂತು. ಜನ ಸಾಲುಗಟ್ಟಿ ಕಟ್ಟಿದರು, ಖಜಾನೆಗೆ ದುಡ್ಡು ಬಂತು. ಆದರೆ ಇದರಿಂದ ಹುಡುಗರು ಏನು ಕಲಿತರು? ಈಗ ಕಟ್ಟಬೇಡ, ಕಾಯಿ, ಆಫರ್ ಬರುತ್ತದೆ ಅಂತ. ಒಂದು ವಾರದೊಳಗೆ ಬರುವ ಸಣ್ಣ ದಂಡ, ಎರಡು ವರ್ಷ ಬಿಟ್ಟು ಅರ್ಧ ಆಗುವ ದೊಡ್ಡ ದಂಡಕ್ಕಿಂತ ಎಷ್ಟೋ ವಾಸಿ. ಸಿಕ್ಕಿಬೀಳುತ್ತೇನೆ ಅನ್ನುವುದು ಖಾತ್ರಿ ಇದ್ದರೆ ಮನುಷ್ಯ ತಾನಾಗಿ ಎಕ್ಸಲೇಟರ್ ಇಳಿಸುತ್ತಾನೆ. ದಂಡದ ಮೊತ್ತ ಆಮೇಲಿನ ಮಾತು.

ಹೆಲ್ಮೆಟ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರಿಗೂ ಗೊತ್ತಿರುವುದೇ. ಸಾವಿನ ಸಾಧ್ಯತೆ ನೂರಕ್ಕೆ 42, ತಲೆಗೆ ಪೆಟ್ಟು ನೂರಕ್ಕೆ 69 ಪಾಲು ಕಡಿಮೆ ಮಾಡುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದವರು ಲೆಕ್ಕ ಹಾಕಿದ್ದಾರೆ. ಹಿಂದೆ ಕೂತವರಿಗೂ ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಕಡ್ಡಾಯ. ಆದರೆ ಎರಡು ವಿಷಯ ನೋಡಿ. ಒಂದು, ಐಎಸ್ಐ ಗುರುತಿಲ್ಲದ ಹೆಲ್ಮೆಟ್ ಮಾರುವುದನ್ನೇ 2021ರ ಜೂನ್‌ನಿಂದ ನಿಷೇಧಿಸಿದ್ದಾರೆ, ಆದರೂ ರಸ್ತೆ ಬದಿ ಕಂಬಿಗೆ ಸಿಕ್ಕಿಸಿಕೊಂಡು ಪ್ಲಾಸ್ಟಿಕ್ ಟೋಪಿಗಳನ್ನು ಮಾರುತ್ತಲೇ ಇದ್ದಾರೆ. ಹಾಕಿದವರಿಗೆ ಫೈನ್ ಹಾಕುವ ಮೊದಲು ಮಾರುವವರನ್ನು ಕೇಳಬೇಕಲ್ವಾ? ಎರಡು, ಪಟ್ಟಿ. ಕಾಲೇಜಿನ ಗೇಟಲ್ಲಿ ನಿಂತು ನೋಡಿದೆ, ಹೆಲ್ಮೆಟ್ ಹಾಕಿದವರಲ್ಲೂ ಗದ್ದದ ಕೆಳಗೆ ಪಟ್ಟಿ ಬಿಗಿದವರು ಬಹಳ ಕಮ್ಮಿ. ಕೆಲವರದ್ದು ಕ್ಲಿಪ್ಪೇ ಮುರಿದಿತ್ತು. ಬೈಕು ಬೀಳುವಾಗ ಪಟ್ಟಿ ಕಟ್ಟದ ಹೆಲ್ಮೆಟ್ಟು ನಿಮಗಿಂತ ಮೊದಲೇ ಹಾರಿ ಹೋಗುತ್ತದೆ.

"ಪಕ್ಕದೂರಿಗೆ ಹೋಗ್ ಬತ್ತೀನಿ, ಅದಕ್ಯಾಕ್ ಹೆಲ್ಮೆಟ್ಟು" ಅಂತ ನಮ್ಮ ಕಡೆ ಹೇಳ್ತಾರೆ. ಪಕ್ಕದೂರಿನ ದಾರಿಯಲ್ಲೇ ಹಂಪು, ಹುರುಳಿ ಸೊಪ್ಪು, ಕಬ್ಬಿನ ಟ್ರೇಲರ್ ಎಲ್ಲ ಇರೋದು.

ಇನ್ನು ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: "ಮಗ ಪಿಯುಸಿ ಎರಡನೇ ವರ್ಷ. ಟ್ಯೂಷನ್‌ಗೆ ಹೋಗೋಕೆ ಬೈಕ್ ಕೊಡ್ಸು ಅಂತ ಊಟ ಬಿಟ್ಟು ಕೂತವ್ನೆ. ಏನ್ ಮಾಡ್ಲಿ ಸಾರ್?"

ಅಮ್ಮ, ಹದಿನೆಂಟು ತುಂಬಿ ಲೈಸೆನ್ಸ್ ಬರುವ ತನಕ ಕೊಡಿಸಬೇಡಿ. 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಹದಿನಾರು ಸಾಕು, ಆದರೆ ನಮ್ಮ ಸ್ಕೂಟರುಗಳೆಲ್ಲ ಅದಕ್ಕಿಂತ ದೊಡ್ಡವು. ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ 199ಎ ಸೆಕ್ಷನ್ ಪ್ರಕಾರ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಕೂಡ ಪೋಷಕರಿಗೆ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹದಿನೆಂಟಾದ ಮೇಲೆ ಕೊಡಿಸುವಾಗ ಬಣ್ಣ, ಪಿಕಪ್ಪು ನೋಡೋ ಮೊದಲು ಎಬಿಎಸ್ ಇದೆಯಾ ಕೇಳಿ. 125 ಸಿಸಿ ದಾಟಿದ ಬೈಕಿಗೆ 2019ರಿಂದ ಅದು ಕಡ್ಡಾಯ, ಅದರ ಕೆಳಗಿನವುಗಳಲ್ಲಿ ಎರಡು ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಇದ್ದರೆ ಸಾಕು ಅಂತ ಆಗ ಅಂದಿದ್ದರು. ಗಾಬರಿಯಲ್ಲಿ ಬ್ರೇಕ್ ಅದುಮಿದಾಗ ಚಕ್ರ ಲಾಕ್ ಆಗದಂತೆ ತಡೆಯೋದು ಎಬಿಎಸ್. ಆ ವಯಸ್ಸಿನವರು ಗಾಬರಿಯಲ್ಲಿ ಅದುಮುವುದೇ ಜಾಸ್ತಿ.

ಒಬ್ಬ ಕಾನ್‌ಸ್ಟೆಬಲ್ ಎದ್ದು ಕೇಳಿದರು: "ಕೇಸ್ ಟಾರ್ಗೆಟ್ ಇಲ್ಲ ಅಂತಾರೆ, ಆದ್ರೆ ಸಂಜೆ ಎಷ್ಟು ಕೇಸ್ ಅಂತ ಕೇಳ್ತಾರೆ. ನಾವೇನ್ ಮಾಡೋಣ ಸಾರ್?" ಸಭೆ ಸ್ವಲ್ಪ ಹೊತ್ತು ಗಪ್ ಆಯಿತು. ಅವರು ಹಾಗೆ ಕೇಳಿದ್ದಕ್ಕೆ ನನಗೆ ಗೌರವ ಬಂತು. ಉತ್ತರ ಅವರ ಕೈಲಿಲ್ಲ, ಮೇಲಿನವರ ಕೈಲಿದೆ. ಸಂಜೆ ಎಷ್ಟು ಕೇಸ್ ಅಂತ ಕೇಳುವ ಬದಲು, ಈ ತಿಂಗಳು ನಿಮ್ಮ ಸರಹದ್ದಿನಲ್ಲಿ ಎಷ್ಟು ಸಾವು ಕಮ್ಮಿಯಾಯಿತು ಅಂತ ಕೇಳಲಿ. ಆಗ ಅವರೇ ಮಧ್ಯಾಹ್ನದ ಸರ್ಕಲ್ ಬಿಟ್ಟು ಸಂಜೆಯ ಸರ್ವಿಸ್ ರೋಡಿಗೆ ಬಂದು ನಿಲ್ಲುತ್ತಾರೆ.

ಕೊನೆಗೆ ಒಬ್ಬ ಹುಡುಗಿ ಕೇಳಿದಳು, "ನಮ್ಮೂರು ಕ್ರಾಸ್‌ನಲ್ಲಿ ಮೇಲಿಂದ ಮೇಲೆ ಆಕ್ಸಿಡೆಂಟ್ ಆಗುತ್ತೆ. ಯಾರಿಗೆ ಹೇಳ್ಬೇಕು?"

ಒಂದು ಅರ್ಧ ಕಿಲೋಮೀಟರ್ ರಸ್ತೆಯಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ ಆಗಿದ್ದರೆ, ಇಲ್ಲಾ ಹತ್ತು ಜನ ಸತ್ತಿದ್ದರೆ, ಅದು ಸರ್ಕಾರದ್ದೇ ವ್ಯಾಖ್ಯೆ ಪ್ರಕಾರ ಬ್ಲ್ಯಾಕ್ ಸ್ಪಾಟ್. ಹೆದ್ದಾರಿಗೆ ಅನ್ವಯಿಸುವ ಅಳತೆ ಇದು, ಆದರೆ ಊರ ರಸ್ತೆಗೂ ಇದನ್ನೇ ಹಿಡಿದು ಕೇಳಬಹುದು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಗಾಡಿ ಅಂತ ಊರಿನವರಿಗೆ ನೆನಪಿರುತ್ತದೆ, ಅದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಠಾಣೆಯಲ್ಲಿರುವ ದಾಖಲೆಯ ಜೊತೆ ತಾಳೆ ನೋಡಿ. ರಾತ್ರಿ ಒಂದು ಫೋಟೋ, ಹಗಲು ಒಂದು ಫೋಟೋ ತೆಗೆಯಿರಿ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕೊಡಿ, ಒಂದು ಪ್ರತಿ ಪಿಡಿಒಗೆ, ಒಂದು ಎಸ್‌ಪಿ ಆಫೀಸಿಗೆ. ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಬನ್ನಿ. "ಏನಾದರೂ ಮಾಡಿ" ಅಂತ ಬರೆಯಬೇಡಿ. 30ರ ಬೋರ್ಡು, ಬಣ್ಣ ಬಳಿದ ಹಂಪು, ಎರಡು ದೀಪ, ಒಂದು ಕ್ಯಾಮೆರಾ ಅಂತ ಬಿಡಿಸಿ ಬರೆಯಿರಿ. ಅವಳು ಅಲ್ಲೇ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಅವಳ ಊರಿನವರೇ ಆದ ಇನ್ನಿಬ್ಬರು ಸೇರಿಕೊಂಡರು, ಸೋಮವಾರ ಪಂಚಾಯಿತಿಗೆ ಹೋಗೋದು ಅಂತ ಮಾತಾಯಿತು. ಅರ್ಜಿಯ ಕರಡು ನಾನೇ ನೋಡಿಕೊಡುತ್ತೇನೆ ಅಂದಿದ್ದೇನೆ. ಬೇರೆ ಊರಿನವರೂ ಕಳಿಸಬಹುದು.